ಹತ್ತೊಂಬತ್ತನೆಯ ಆಪರೇಷನ್‌ಗೆ ಮುಂಚೆ

ಅಮ್ಮನಿಗೆ,

ನನ್ನ ಗಂಟಲೊಳಗಿನ ಗಂಟುಗಳು ಮತ್ತೆ ಬೆಳೆದಿವೆ. ಮಂಗಳವಾರ ಹತ್ತೊಂಬತ್ತನೆಯ ಆಪರೇಷನ್. ಈ ಸಲ ಉಸಿರಾಡಲು ಕತ್ತಿನಲ್ಲಿ ತೂತು ಮಾಡಿ ನಳಿಕೆ ಇಡುತ್ತಾರಂತೆ. ನನ್ನ ಧ್ವನಿ ಯಾರಿಗೂ ಕೇಳಿಸುವುದಿಲ್ಲವೆಂದು ಬಸ್ ನಿಲ್ದಾಣದಲ್ಲಿ ನನ್ನನ್ನು ವಿಚಾರಣೆ ಕಿಟಕಿಯಿಂದ ಎಬ್ಬಿಸಿ ಪಾರ್ಸೆಲ್ ಕೋಣೆಯ ಕೆಲಸಕ್ಕೆ ಹಾಕಿದ್ದಾರೆ. ಮೂಟೆಗಳು ಬಸ್ ಎಷ್ಟು ಗಂಟೆಗೆ ಎಂದು ಕೇಳುವುದಿಲ್ಲ.

ಈ ಗಂಟುಗಳನ್ನು ಬೆಳೆಸುವ ವೈರಸ್ ಹೆರಿಗೆಯಲ್ಲಿ ತಾಯಿಯಿಂದ ಬಂದಿರಬಹುದು ಎಂದು ಹೊಸ ಡಾಕ್ಟರ್ ಹೇಳಿದ ದಿನದಿಂದ ನೀನು ಆಸ್ಪತ್ರೆಗೆ ಬಂದಿಲ್ಲ. ಮೊಣಕಾಲು ನೋವೆಂದು ಅಕ್ಕನ ಕೈಲಿ ಹೇಳಿಕಳಿಸುತ್ತೀಯ. ಅವತ್ತು ಡಾಕ್ಟರ್ ಮುಂದೆ ಹೇಳಿದ್ದನ್ನು ಕೇಳದೆ ನೀನು ಎದ್ದು ಹೋದೆ. "ಎಷ್ಟೋ ತಾಯಂದಿರಲ್ಲಿ ಇದಿರುತ್ತೆ, ಅವರಿಗೇ ಗೊತ್ತಿರಲ್ಲ. ಹೆಚ್ಚಿನ ಮಕ್ಕಳ ಮೈ ಇದನ್ನ ಹೊಡೆದೋಡಿಸುತ್ತೆ. ನಿಮ್ಮ ಮೈಗೆ ಮಾತ್ರ ಇದು ಶತ್ರು ಅಂತ ಗೊತ್ತಾಗ್ತಿಲ್ಲ," ಅಂದರು. ನೀನು ಕುಡಿಸಿದ ಹಾಲನ್ನೆಲ್ಲ ಕಕ್ಕುತ್ತಿದ್ದ ಮೈ ಇದೊಂದನ್ನು ಮಾತ್ರ ಇಟ್ಟುಕೊಂಡಿದೆ. ಅದಕ್ಕೆ ನೀನೇನು ಮಾಡಬಹುದಿತ್ತು?

ಕಾಗದಗಳಿಗೆ ಅಕ್ಕ ಸಹಿ ಹಾಕುತ್ತಾಳೆ. ನೀನು ಮಂಗಳವಾರ ಬೆಳಿಗ್ಗೆ ಏಳಕ್ಕೆ ಬಾ, ಎಂಟಕ್ಕೆ ನನ್ನನ್ನು ಒಳಗೆ ಕರೆದೊಯ್ಯುತ್ತಾರೆ. ಆಮೇಲೆ ಧ್ವನಿ ಎಷ್ಟು ಉಳಿಯುತ್ತದೋ ಯಾರೂ ಹೇಳುತ್ತಿಲ್ಲ. ಇಷ್ಟು ದಿನ ಬರದಿದ್ದಕ್ಕೆ ನಿನ್ನನ್ನು ಬೈಯಬೇಕಿದೆ. ಅದನ್ನು ಬರೆದು ತೋರಿಸಲು ನನಗೆ ಮನಸ್ಸಿಲ್ಲ.

ನಿನ್ನ ಕಿರಿಮಗಳು