ಎರಡು ನಿಮಿಷದ ಆಟ

ಕೋಟೆ ರಸ್ತೆ, ಶಿವಮೊಗ್ಗ
೬ ಆಗಸ್ಟ್ ೨೦೦೬

ಚಿ. ಸೌ. ಅಕ್ಷರಾಳಿಗೆ,

ಅಮ್ಮನ ಆಶೀರ್ವಾದ. ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ, ಈ ಸಲ ಬರೆಯಲಾರೆ. ತಡವಾಯಿತು, ಬೇಸರಿಸಬೇಡ ಪುಟ್ಟಿ. ಬರೆಯಲು ಕೂತರೆ ಬರೀ ಬೈಗುಳ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ಇದರಲ್ಲೂ ಬೈಗುಳವಿದೆ, ಆದರೆ ಇದನ್ನು ಹರಿಯುವುದಿಲ್ಲ. ಫೋನು ಮಾಡಿದರೆ ನಿಮ್ಮ ಅತ್ತೆ ಪಕ್ಕದಲ್ಲೇ ನಿಂತಿರುತ್ತಾರೆ. ಅದಕ್ಕೇ ನಿಮ್ಮ ಭದ್ರಾವತಿಯ ಶಾಲೆಗೆ ದಿನಾ ಓಡಾಡುವ ನಿನ್ನ ಗೆಳತಿ ದಿವ್ಯಶ್ರೀಯ ಕೈಗೆ ಕೊಡುತ್ತಿದ್ದೇನೆ.

ಹೋದ ತಿಂಗಳು ನಿಮ್ಮ ಅತ್ತೆ ದಾಕ್ಷಾಯಣಮ್ಮ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ್ದ ನಿನ್ನ ಕಂಪ್ಯೂಟರನ್ನು ಆಟೋದಲ್ಲಿ ತಂದರು. ನಡುಮನೆಯಲ್ಲಿಟ್ಟು ಕೈ ತೊಳೆದುಕೊಂಡರು. ನಿಜವಾಗಿಯೂ ನೀರು ಕೇಳಿ ತೊಳೆದುಕೊಂಡರು.

"ಬೀಗ್ತಿಯೋರೇ, ಇದು ನಮ್ಮನೇಗೆ ಬೇಡ. ಐದು ತಿಂಗಳ ಬಸುರಿ, ದಿನಾ ಕಂಪ್ಯೂಟರಿನಲ್ಲಿ ಆ ಚಕ್ರದ ಹಲಗೆ ಆಟ. ಹಾರೋದು, ಬೀಳೋದು, ಗೋಡೆಗೆ ಗುದ್ದೋದು. ಹೊಟ್ಟೇಲಿರೋ ಕೂಸು ಬೆದರದೇ ಇರುತ್ತಾ?"

"ಹಾರಿದ್ದು ಅವಳಲ್ಲ, ಪರದೆ ಮೇಲಿನ ಬೊಂಬೆ" ಎಂದೆ.

"ಬೊಂಬೆ ಬಿದ್ದಾಗೆಲ್ಲಾ ಇವಳು 'ಅಯ್ಯೋ' ಅಂತಿದ್ಲು. ಈ ಕಿವೀಲೇ ಕೇಳಿದೀನಿ."

"ನೀವು ಧಾರಾವಾಹಿ ನೋಡ್ತಾ ದಿನಾ ಅಳ್ತೀರಲ್ಲ, ನಿಮ್ಮನೇಲಿ ದಿನಾ ಯಾರಾದ್ರೂ ಸಾಯ್ತಾರಾ?"

"ರಾಜೇಶ್ವರಿ, ಸುಮ್ನಿರು ಮಾರಾಯ್ತಿ!" ಎಂದರು ನಿಮ್ಮ ಅಪ್ಪಾಜಿ. ಬೀಗರಿಗೆ ಮಂಡಕ್ಕಿ ತರಲು ಓಡಿದರು.

ಯಾರ ತಪ್ಪೂ ಅಲ್ಲ, ಕೆಲವು ಬಸಿರು ನಿಲ್ಲುವುದಿಲ್ಲ ಎಂದು ಡಾಕ್ಟರು ಎಲ್ಲರೆದುರಿಗೆ ಹೇಳಿದ್ದರಲ್ಲ? ಅದು ಯಾರ ಕಿವಿಗೂ ಬೀಳಲಿಲ್ಲ. 'ಅಯ್ಯೋ' ಮಾತ್ರ ಬಿತ್ತು. ಹೋಗುವಾಗ ಬಾಗಿಲಲ್ಲಿ ನಿಂತು ಆಕೆ ಹೇಳಿದ್ದು ಇನ್ನೂ ಉರಿಯುತ್ತಿದೆ: "ಆಸ್ಪತ್ರೆಯಿಂದ ಬಂದ ಮೇಲೂ ಅದೇ ಆಟ ಕಣ್ರೀ. ಒಂದು ಹನಿ ಕಣ್ಣೀರು ಹಾಕ್ಲಿಲ್ಲ ನಿಮ್ಮ ಮಗಳು." ಜ್ಞಾನೇಶ್ ಏನೆಂದರು ಎಂದು ಕೇಳಿದೆ. "ಅವನೇನಂತಾನೆ, ಪಾಪ, ಡ್ಯೂಟಿಗೆ ಹೋಗಿದ್ದ" ಎಂದರು. ಹೆಂಡತಿಯ ಮೇಲೆ ಇಂಥ ಆರೋಪ ಬಂದಾಗ ಆ ಮಹಾರಾಯನಿಗೆ ಯಾವತ್ತೂ ಡ್ಯೂಟಿಯೇ. ಅವರಿಗೂ ಹೇಳು, ನಾನು ಹೀಗೆ ಬರೆದಿದ್ದೇನೆ ಎಂದು.

ನಿನ್ನ ಮೇಲೂ ಸಿಟ್ಟಿದೆ. ಬೆಡ್‌ಶೀಟು ಸುತ್ತಿದವಳು ನೀನೇ. ಗಂಟು ನೋಡಿದೊಡನೆ ಗೊತ್ತಾಯಿತು, ನಾನು ಕಲಿಸಿದ ಗಂಟು. ಅವರು ಆಡಿದ ಮಾತನ್ನು ನಂಬಿ ಕಟ್ಟಿದೆಯಾ, ಸಾಕಾಗಿ ಕಟ್ಟಿದೆಯಾ?

ಮರುವಾರ ಅಪ್ಪಾಜಿ ಕಂಪ್ಯೂಟರ್ ಅಂಗಡಿಯ ಲಕ್ಷ್ಮೀಕಾಂತನನ್ನು ಕರೆಸಿದರು. ಎಲ್ಲ ಅಳಿಸಿ, ಯಾರಿಗಾದರೂ ಕೊಟ್ಟು, ಬೀಗರಿಗೆ ಸುದ್ದಿ ಮುಟ್ಟಿಸುವ ಆತುರ ಇವರಿಗೆ. ನೀನು ಪಿಯುಸಿಯಲ್ಲಿದ್ದಾಗ ಆ ಆಟ ಹಾಕಿಕೊಟ್ಟವನೇ ಅವನು. ತೆರೆದು ನೋಡಿ, "ಮೇಡಂ, ಇದನ್ನ ಇನ್ನೂ ಇಟ್ಕೊಂಡಿದಾಳಾ? ಇದರ ಮೇಲೆ ಎಷ್ಟು ಹೊಸಾವು ಬಂದು ಹೋದ್ವು!" ಎಂದ. ಅಳಿಸುವ ಮುಂಚೆ ಒಂದೇ ಒಂದು ಸಲ ಎಂದು ಕೂತ. ಎರಡು ನಿಮಿಷಕ್ಕೆ ಆಟ ಮುಗಿಯಿತು. "ಛೆ, ಆ ಕಂಬಿ ತಪ್ತು" ಎಂದು ಮತ್ತೆ ಶುರು ಮಾಡಿದ. ಮತ್ತೆ ತಪ್ಪಿತು. ಕಾಫಿ ಆರಿತು.

"ಅಳಿಸಕ್ಕೆ ಬಂದ್ಯೋ, ಆಡಕ್ಕೆ ಬಂದ್ಯೋ?" ಎಂದು ಅಪ್ಪಾಜಿ ಕೂಗಿದರು.

"ಇನ್ನೆರಡೇ ನಿಮಿಷ ಸಾರ್."

ಆಗ ನಾನು ಅವನನ್ನು ಎಬ್ಬಿಸಿದೆ. "ಏನೂ ಅಳಿಸಬೇಡ. ನನಗೆ ಕಲಿಸು" ಎಂದೆ. ಅಪ್ಪಾಜಿ ಆ ರಾತ್ರಿ ತಾವೇ ಬಡಿಸಿಕೊಂಡು ಉಂಡರು. ಉಂಡರೆ ಉಣ್ಣಲಿ.

ಈಗ ಮಧ್ಯಾಹ್ನ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದವಳೇ ಕೂರುತ್ತೇನೆ. ನೀನು ನಕ್ಕರೂ ಪರವಾಗಿಲ್ಲ. ಹಾಳು ಗೋದಾಮು, ಒಂದು ಇಳಿಜಾರು, ಹಲಗೆ ಜಾರಿಸಲು ಒಂದು ಕಂಬಿ. ಪರೀಕ್ಷೆಗೆ ಓದು ಎಂದು ನಿನ್ನನ್ನು ಗದರುತ್ತಿದ್ದಾಗ, ಐದು ವರ್ಷ ಅದೇ ಗೋದಾಮಿನಲ್ಲಿ ಏನು ಸಿಗುತ್ತದೆ ಇವಳಿಗೆ ಎಂದು ರೇಗುತ್ತಿದ್ದೆ. ಬಾಯಿಪಾಠವಾದ ಕವಿತೆಯನ್ನು ಮತ್ತೆ ಯಾಕೆ ಓದುತ್ತೀಯಮ್ಮಾ ಎಂದು ನೀನು ಕೇಳಿದ್ದರೆ ನಾನೂ ಇಷ್ಟೇ ಹೇಳುತ್ತಿದ್ದೆ: ಕೊನೆ ಗೊತ್ತಿದ್ದರೂ ಆ ತಿರುವಿನಲ್ಲಿ ಮೈ ಹಗುರಾಗುತ್ತದೆ, ಅಷ್ಟೇ. ನಿನ್ನ ಗೋದಾಮಿನಲ್ಲಿ ಇನ್ನೊಂದೂ ಇದೆ. ನಾನು ಬೀಳುತ್ತೇನೆ, ನೆಲಕ್ಕೆ ರಕ್ತ ಚಿಮ್ಮುತ್ತದೆ, ಮರುಕ್ಷಣ ಹಲಗೆಯ ಮೇಲೆ ನಿಂತಿರುತ್ತೇನೆ. ಯಾಕೆ ಬಿದ್ದೆ, ಏನು ತಿಂದಿದ್ದೆ, ಎಲ್ಲಿ ಕೂತಿದ್ದೆ ಎಂದು ಯಾರೂ ವಿಚಾರಿಸುವುದಿಲ್ಲ. ನಮ್ಮ ಯಾವ ಮನೆಯಲ್ಲಿ ಒಂದು ಹೆಣ್ಣಿಗೆ ಅಂಥ ಎರಡು ನಿಮಿಷ ಸಿಕ್ಕಿದೆ ಹೇಳು?

ಕಂಪ್ಯೂಟರ್ ನಿನ್ನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಅದೇ ಮೇಜಿನ ಮೇಲಿದೆ. ಯಾರನ್ನೂ ಮುಟ್ಟಗೊಡುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕಬ್ಬಿಣದ ಮಾತ್ರೆ ಬಿಡಬೇಡ. ಯಾರೆದುರಿಗೂ "ತಪ್ಪಾಯ್ತು" ಎನ್ನಬೇಡ. ನಿನ್ನ ಮೈ, ಮನಸ್ಸು ಎರಡೂ ಗಟ್ಟಿಯಾಗಲಿ ಎಂದು ಹರಸುವ,

ನಿನ್ನ ಅಮ್ಮ
ಬಸವರಾಜೇಶ್ವರಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನಿನ್ನೆ ಆಟದಲ್ಲಿ ನಾವು ಆರಿಸಿಕೊಳ್ಳಬಹುದಾದ ಆಟಗಾರರ ಸಾಲನ್ನು ಒಬ್ಬೊಬ್ಬರಾಗಿ ನೋಡುತ್ತಾ ಹೋದೆ. ಎಲ್ಲರೂ ದಾಂಡಿಗರು, ಬರಿತಲೆಯವರು. ಕೊನೆಯಲ್ಲಿ ಒಬ್ಬಳು ಹುಡುಗಿ. ಆಟದವರು ಮಾಡಿದವಳಲ್ಲ, ನೀನು ಮಾಡಿದವಳು. ತಲೆಗೆ ಹೆಲ್ಮೆಟ್, ಮೊಣಕೈಗೆ, ಮೊಣಕಾಲಿಗೆ ಪಟ್ಟಿ. ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ತುಂಗಾ. ಹೆಣ್ಣಾದರೆ ತುಂಗಮ್ಮಜ್ಜಿಯ ಹೆಸರೇ ಇಡುತ್ತೇನೆ ಎಂದಿದ್ದೆ ನೀನು. ಲಕ್ಷ್ಮೀಕಾಂತನನ್ನು ಕರೆದು ಅವಳನ್ನು ಮಾಡಿದ ತಾರೀಕು ತೆಗೆಸಿದೆ. ಜೂನ್. ನಿನ್ನನ್ನು ಆಸ್ಪತ್ರೆಯಿಂದ ಕರೆತಂದದ್ದು ಮೇ ತಿಂಗಳಲ್ಲಿ. ಕಣ್ಣೀರು ಹಾಕಲಿಲ್ಲ ಎಂದರಲ್ಲ ಆ ಹೆಂಗಸು!

ನಾನು ಅವಳನ್ನು ಆಡಿಸಿಲ್ಲ ಪುಟ್ಟಿ. ನನ್ನ ಕೈಗೆ ಇನ್ನೂ ಅಭ್ಯಾಸ ಸಾಲದು, ಬೀಳಿಸಿಬಿಡುತ್ತೇನೆ. ನೀನೇ ಬಂದು ಆಡಿಸು.