ದನಿ ಬರುವವರೆಗೆ

ನವೆಂಬರ್ ೧೪, ಶುಕ್ರವಾರ

ಇವತ್ತೂ ದನಿ ಬರಲಿಲ್ಲ. ಗಂಟಲಿನ ಆಪರೇಷನ್ ಆದಮೇಲೆ ಚರ್ಚಿನ ಹಾಡಿನ ತಂಡದಲ್ಲಿ ಬರೀ ಬಾಯಿ ಆಡಿಸ್ತಾ ನಿಲ್ತೀನಿ. ಕೈಬಿಡಲ್ಲ ಅಂತ ಮಾತು ಕೊಟ್ಟವನು ನೀನೇ ಅಲ್ವಾ ದೇವರೇ? ಗಂಟಲು ಮಾತ್ರ ಆ ಮಾತಿಗೆ ಸೇರಲ್ವಾ?

ಅಭ್ಯಾಸ ಮುಗಿದಮೇಲೆ, ಪಕ್ಕ ನಿಲ್ಲೋ ಬಡಗಿಯ ಕಿವಿಯಲ್ಲಿ "ಇನ್ನು ನಾನು ಬರಲ್ಲ" ಅಂತ ಪಿಸುಗುಟ್ಟಿದೆ. ಅವನು ಗಾಬರಿಯಾದ. "ನಂಗೆಲ್ಲಿ ತಾಳ ಗೊತ್ತು? ನೀನು ಉಸಿರೆಳ್ಕೊಳ್ಳೋದು ಕೇಳಿಸಿದ್ಮೇಲೇನೇ ನಾನು ಶುರು ಮಾಡೋದು. ಇಷ್ಟು ವರ್ಷವೂ ಹಂಗೇ!"

ನಾನು ಕೇಳಿದ್ದು ದನಿ ದೇವರೇ, ಉಸಿರಲ್ಲ. ಈಗಲೂ ದನಿಯೇ ಬೇಕು. ಆದರೂ ಭಾನುವಾರ ಹೋಗಿ ಅವನಿಗೆ ಕೇಳಿಸುವಷ್ಟು ಜೋರಾಗಿ ಉಸಿರೆಳೆದುಕೊಳ್ತೀನಿ. ಆಮೇಲೆ ಬಾಯಿ ತೆರೆದೇ ಇಟ್ಟಿರ್ತೀನಿ, ಅಕಸ್ಮಾತ್ ಅವತ್ತೇ ನೀನು...