‘ರೀ’ ಎಂದು ಕರೆದಾಗ

ಕಿಲೆಲೆಶ್ವಾ, ನೈರೋಬಿ
ಭಾನುವಾರ, ೧೭ ಆಗಸ್ಟ್ ೨೦೨೫

ಚಿ. ಸೌ. ಉಷಾಳಿಗೆ ನಿನ್ನ ಅಂಬುಜಕ್ಕನ ತುಂಬು ಮನಸ್ಸಿನ ಆಶೀರ್ವಾದಗಳು.

ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಓದು. ವರಮಹಾಲಕ್ಷ್ಮಿ ಹಬ್ಬದ ದಿನ ನೀನು ಫೋನ್ ಮಾಡಿದಾಗ "ಎಲ್ಲಾ ಬರೀತೀನಿ ಕಣೇ" ಎಂದು ಇಟ್ಟುಬಿಟ್ಟೆ. ಬರೆಯಲು ಕೂತದ್ದು ಇವತ್ತು. ಈ ಕಾಲದಲ್ಲಿ ಕಾಗದ ಬರೆಯುವ ದೊಡ್ಡಮ್ಮ ಎಂದು ನಿನ್ನ ಮಗಳು ಅಮೂಲ್ಯ ನಗುತ್ತಾಳೆ, ನಗಲಿ ಬಿಡು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಭಾವ ಪಕ್ಕದಲ್ಲೇ ಕೂತಿರುತ್ತಾರೆ. ಮರೆವಿನ ಕಾಯಿಲೆ ಬಂದವರಿಗೆ ಕಿವಿ ಕೇಳಿಸುವುದಿಲ್ಲವೆಂದು ಏನೂ ಇಲ್ಲವಲ್ಲ. ಅವರ ವಿಷಯವನ್ನು ಅವರ ಎದುರಿಗೇ ಆಡಲು ನನಗೆ ಬಾಯಿ ಬರುವುದಿಲ್ಲ. ಮೇಲಿನ ಮನೆಯ ತ್ರಿವಿಕ್ರಮ ಆಫೀಸಿನ ಕೆಲಸಕ್ಕೆ ಬೆಂಗಳೂರಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಈ ಕಾಗದ, ಜೊತೆಗೆ ಇಲ್ಲಿನ ಕಾಫಿಪುಡಿ. ಅದಕ್ಕೆ ಚಿಕೋರಿ ಬೆರೆಸಿ ಹಾಳು ಮಾಡಬೇಡ, ಮಹರಾಯ್ತಿ.

ನೀನು ಗಾಬರಿಯಾಗಬಾರದೆಂದು ಕೊನೆಯದನ್ನು ಮೊದಲೇ ಹೇಳುತ್ತೇನೆ. ಭಾವ ಮನೆಯಲ್ಲಿದ್ದಾರೆ, ಸಾರು ಅನ್ನ ಉಂಡು ಬಾಲ್ಕನಿಯ ಬಿಸಿಲಿಗೆ ಕೂತಿದ್ದಾರೆ. ಆದರೆ ಹಬ್ಬದ ಹಿಂದಿನ ಶನಿವಾರ ಅವರು ಕಳೆದುಹೋಗಿದ್ದರು.

ಕಳೆದುಹೋದದ್ದಾದರೂ ಎಲ್ಲಿಂದ ಅಂತೀಯ? ಬಡಾವಣೆಯ ಸುರಕ್ಷತೆಯ ಸಭೆಯಿಂದ! ನಮ್ಮ ಪಕ್ಕದ ಶಾಲೆಯ ಹಾಲಿನಲ್ಲಿ ಸಭೆ. ಮಂತ್ರಿಗೆ ಇಲ್ಲಿ ವಜೀರಿ ಎನ್ನುತ್ತಾರೆ. ಪೊಲೀಸು, ವಲಸೆ ಇಲಾಖೆ, ಜನರ ಸುರಕ್ಷತೆ ಎಲ್ಲಾ ನೋಡಿಕೊಳ್ಳುವ ವಜೀರಿಯೇ ಖುದ್ದು ಬಂದಿದ್ದರು. ಹೆಂಗಸು, ನನಗಿಂತ ಚಿಕ್ಕವರು, ತಲೆಗೆ ಹಳದಿ ವಸ್ತ್ರ ಸುತ್ತಿಕೊಂಡು ಲಕ್ಷಣವಾಗಿದ್ದರು. ಜನ ಒಬ್ಬರ ಮೇಲೊಬ್ಬರು ದೂರು ಹೇಳಿದರು. ಎಲ್ಲವನ್ನೂ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟು: "ಪೊಲೀಸರು ನನ್ನ ಹೊಣೆ. ಹೊರದೇಶದಿಂದ ಬಂದವರ ಪರವಾನಗಿ ನನ್ನ ಹೊಣೆ. ನೀವು ನಿಮ್ಮ ಬೀದಿಯಲ್ಲಿ ಹೆದರದೆ ನಡೆಯುವುದೂ ನನ್ನ ಹೊಣೆ. ಆದರೆ ಠಾಣೆಯ ಮೇಜಿನ ಹಿಂದೆ ಕೂತವರು ಸರಿಯಾದ ಕೆಲಸ ಮಾಡುವಾಗ ನನ್ನ ಫೋನಿಗೂ ಹೆದರಬಾರದು. ಅದು ಎಲ್ಲಕ್ಕಿಂತ ದೊಡ್ಡ ಹೊಣೆ." ಹಾಲಿಗೆ ಹಾಲೇ ಚಪ್ಪಾಳೆ. ನಾನಂತೂ ಕೈ ಕೆಂಪಗಾಗುವಷ್ಟು ತಟ್ಟಿದೆ.

ಎದುರುಮನೆಯ ದ್ವಾರಕಾನಾಥ್ ಗೊತ್ತಲ್ಲ, ಬ್ಯಾಂಕಿನವರು, ಬೆಂಗಳೂರಿನಿಂದ ಬಂದು ಇನ್ನೂ ಎರಡು ವರ್ಷವಾಗಿಲ್ಲ. ಅವರ ಹೆಂಡತಿಯ ಪರವಾನಗಿ ಎಲ್ಲೋ ಸಿಕ್ಕಿಕೊಂಡಿದೆ. "ಮೇಡಂ, ನೀವೇ ಎದ್ದು ಕೇಳಿ, ನಿಮ್ದು ಕ್ಲಾಸ್‌ರೂಮ್ ವಾಯ್ಸು" ಎಂದು ನನ್ನನ್ನು ಉಬ್ಬಿಸಿದರು. ನಾನು ಎದ್ದೆ. ಮೂವತ್ತು ವರ್ಷ ಲೆಕ್ಕದ ಪಾಠ ಹೇಳಿದವಳಿಗೆ ಮೈಕು ಕೈಗೆ ಸಿಕ್ಕರೆ ಕೇಳಬೇಕೆ? ಪರವಾನಗಿ ಆಯಿತು, ಬೀದಿ ದೀಪ ಆಯಿತು, ಮೂಲೆಯ ಚರಂಡಿಯೂ ಆಯಿತು. ಮಾತು ಮುಗಿಸಿ ಕೂರಲು ತಿರುಗಿದರೆ ಭಾವನ ಕುರ್ಚಿಯ ಮೇಲೆ ಅವರ ಮಫ್ಲರ್ ಮಾತ್ರ ಇತ್ತು.

ಅಯ್ಯೋ ಉಷಾ, ನನ್ನ ಜೀವವೇ ಬಾಯಿಗೆ ಬಂತು. ಇಲ್ಲಿ ಹತ್ತು ಹತ್ತು ಮನೆಗಳಿಗೆ ಒಂದೊಂದು ಕಾವಲು ಗುಂಪು ಮಾಡಿಕೊಂಡಿದ್ದೇವೆ, ವಾಟ್ಸಾಪ್ ಕೂಡ ಇದೆ. ಅದರಲ್ಲಿ ಇಷ್ಟು ದಿನ ಬೆಕ್ಕು ಕಾಣಿಸುತ್ತಿಲ್ಲ, ಯಾರದೋ ಕಾರು ಅಡ್ಡ ನಿಂತಿದೆ ಅಂತ ಬರೆಯುವುದನ್ನು ನೋಡಿ ಹಂಗಿಸುತ್ತಿದ್ದವಳು ನಾನೇ. ಆವತ್ತು ಅದೇ ಗುಂಪಿನವರು ಭಾವನ ಫೋಟೊ ಹಾಕಿದ್ದೇ ತಡ, ಗೇಟಿನ ಕಾವಲಿನವರು, ಬೈಕ್ ಬಾಡಿಗೆ ಓಡಿಸುವ ಹುಡುಗರು, ತರಕಾರಿ ಮಾರುವ ಹೆಂಗಸು ಎಲ್ಲರೂ ಹುಡುಕಲು ಹೊರಟರು. ನನ್ನ ಮುಖ ನೋಡಿದ್ದೂ ಇಲ್ಲದ ಜನ ಕಣೇ. ಕೊನೆಗೆ ಮಟಾಟು ವ್ಯಾನಿನ ಕಂಡಕ್ಟರ್ ಒಬ್ಬ ಫೋಟೊ ಗುರುತು ಹಿಡಿದು, "ಈ ಅಜ್ಜನನ್ನು ಇಂಡಸ್ಟ್ರಿಯಲ್ ಏರಿಯಾ ಹತ್ತಿರ ಇಳಿಸಿದೆ, 'ಪೇಷಂಟ್‌ಗಳು ಕಾಯ್ತಿದ್ದಾರೆ' ಎಂದು ಅವಸರ ಮಾಡುತ್ತಿದ್ದರು" ಎಂದು ಹೇಳಿಕಳಿಸಿದ. ನನಗೆ ಆಗ ಹೊಳೆಯಿತು. ಭಾವ ರಿಟೈರ್ ಆಗುವವರೆಗೂ ಡಾಕ್ಟರಾಗಿದ್ದದ್ದು ಅಲ್ಲಿಯ ಕಾರ್ಖಾನೆಯೊಂದರ ಕ್ಲಿನಿಕ್ಕಿನಲ್ಲಿ. ಅವರು ಡ್ಯೂಟಿಗೆ ಹೋಗಿದ್ದರು!

ದ್ವಾರಕಾನಾಥ್ ಕಾರು ತೆಗೆದರು. ಲಾರಿಗಳ ಮಧ್ಯೆ ಸಿಕ್ಕಿಬಿದ್ದು ನಾವು ಅಲ್ಲಿಗೆ ಮುಟ್ಟುವಷ್ಟರಲ್ಲಿ, ಗುಂಪಿನವರು ಹಾಕಿದ ಫೋಟೊ ನೋಡಿ ಆ ಕಡೆಯ ಠಾಣೆಯಿಂದ ಫೋನ್ ಬಂತು. ಆವತ್ತು ಗೋದಾಮುಗಳಲ್ಲಿ ಪರವಾನಗಿ ಇಲ್ಲದ ಪರದೇಶದವರನ್ನು ತಪಾಸಣೆ ಮಾಡುತ್ತಿದ್ದರಂತೆ. ಕಾರ್ಖಾನೆ ಗೇಟಿನ ಮುಂದೆ ಜೇಬಿನಲ್ಲಿ ಒಂದು ಚೀಟಿಯೂ ಇಲ್ಲದೆ ನಿಂತಿದ್ದ ಭಾವನನ್ನೂ ಆ ಗುಂಪಿನ ಜೊತೆಗೆ ಕರೆತಂದಿದ್ದರು. ನಾನು ಒಳಗೆ ನುಗ್ಗಿದಾಗ ನೋಡಿದ್ದೇನು ಗೊತ್ತೆ? ಸಿಕ್ಕಿಬಿದ್ದವರು ಬೆಂಚಿನ ಮೇಲೆ ಸಾಲಾಗಿ ಕೂತಿದ್ದಾರೆ, ನಿನ್ನ ಭಾವ ಒಬ್ಬೊಬ್ಬರ ನಾಡಿ ಹಿಡಿದು ನೋಡುತ್ತಿದ್ದಾರೆ. ಒಬ್ಬ ಗಟ್ಟಿ ಆಳು ಬಾಯಿ ತೆರೆದು ನಾಲಿಗೆ ಚಾಚಿಕೊಂಡು ಕೂತಿದ್ದ. ನಗಲೋ ಅಳಲೋ ಗೊತ್ತಾಗದೆ ಎರಡನ್ನೂ ಮಾಡಿದೆ.

ಮೇಜಿನ ಹಿಂದೆ ಚೆಬೆಟ್ ಎಂಬ ಹುಡುಗಿ. ಪೊಲೀಸ್ ಟೋಪಿಯ ಕೆಳಗೆ ಸಣ್ಣ ಸಣ್ಣ ಜಡೆ. ನಾನು ನಮ್ಮಿಬ್ಬರ ಪಾಸ್‌ಪೋರ್ಟು, ಪರವಾನಗಿ ಎಲ್ಲವನ್ನೂ ಮುಂದಿಟ್ಟೆ. ಅವಳು ನಿಧಾನವಾಗಿ ನೋಡಿ ಭಾವನ ಹತ್ತಿರ ಹೋಗಿ, "ಡಾಕ್ಟರ್, ಇವರು ಯಾರು ಗೊತ್ತೆ?" ಎಂದು ಕೇಳಿದಳು. ಭಾವ ಕನ್ನಡಕ ಸರಿಮಾಡಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿ ಇಂಗ್ಲಿಷಿನಲ್ಲಿ ಹೇಳಿದರು: "ಗೊತ್ತಿಲ್ಲ. ಆದರೆ ರಕ್ತ ಕಡಿಮೆ ಇರುವ ಹಾಗೆ ಕಾಣುತ್ತಾರೆ."

ಇದುವರೆಗೆ ಬೇರೆ ಏನೇ ಮರೆತರೂ ನನ್ನನ್ನು ಮರೆತಿರಲಿಲ್ಲ ಕಣೇ. ಹಸಿವು, ಗಾಬರಿ, ಹೊಸ ಜಾಗ, ಅದಕ್ಕೇ ಇರಬೇಕೆಂದು ಚೆಬೆಟ್‌ಗೆ ವಿವರಿಸಿದೆ. ಅವಳು ಜಗ್ಗಲಿಲ್ಲ. "ನಿಮ್ಮ ಕಾಗದ ಸರಿಯಾಗಿದೆ. ಆದರೆ ಇವರು ನಿಮ್ಮನ್ನು ಗೊತ್ತಿಲ್ಲ ಎನ್ನುತ್ತಿದ್ದಾರೆ. ಕಾಗದ ತೋರಿಸಿ ಒಬ್ಬ ಮುದುಕನನ್ನು ಕರೆದುಕೊಂಡು ಹೋಗಿ, ಹೊಡೆದು ಬಡಿದು ಮನೆ ಬರೆಸಿಕೊಂಡದ್ದನ್ನು ನೋಡಿದ್ದೇನೆ. ಇವರು ಒಪ್ಪಿ ಬಂದರೆ ಈಗಲೇ ಕಳಿಸುತ್ತೇನೆ. ಇಲ್ಲದಿದ್ದರೆ ಆಶ್ರಯದ ಮನೆಯಲ್ಲಿ ಇಡುತ್ತೇವೆ, ಸೋಮವಾರ ಮ್ಯಾಜಿಸ್ಟ್ರೇಟ್ ಹೇಳಿದ ಹಾಗೆ." ಮಕ್ಕಳಾದರೂ ಇದ್ದಿದ್ದರೆ ಕರೆಸಬಹುದಿತ್ತು, ನಮಗೆ ಅದೂ ಇಲ್ಲ. ಸೋಮವಾರದವರೆಗೆ ಗುರುತಿಲ್ಲದ ಜಾಗದಲ್ಲಿ ಅವರನ್ನು ಬಿಟ್ಟರೆ ನನಗೆ ತಿರುಗಿ ಸಿಗುವುದು ಎಷ್ಟು ಉಳಿದಿರುತ್ತದೋ!

ದ್ವಾರಕಾನಾಥರದು ನಮ್ಮ ಕಡೆಯ ಬುದ್ಧಿ. ಯಾವ ಬಾಗಿಲು ಮುಚ್ಚಿದ್ದರೂ ಮೇಲಿನವರ ಕೈಲಿ ಒಂದು ಮಾತು ಹೇಳಿಸಿದರೆ ತೆರೆಯುತ್ತದೆ ಎಂಬ ನಂಬಿಕೆ. "ಸುಮ್ನಿರಿ ಮೇಡಂ, ಬೆಳಿಗ್ಗೆ ತಾನೇ ವಜೀರಿಯವರ ಸೆಕ್ರೆಟರಿ ಕಾರ್ಡ್ ಇಸ್ಕೊಂಡಿದೀನಿ, ಟೂ ಮಿನಿಟ್ಸ್ ಕೆಲಸ" ಎಂದು ಫೋನ್ ಹಚ್ಚಿಯೇಬಿಟ್ಟರು. ಸುಳ್ಳು ಯಾಕೆ ಹೇಳಲಿ, ನಾನೂ ಬೇಡವೆನ್ನಲಿಲ್ಲ. ಸಭೆಯಲ್ಲಿ ಕಳೆದುಹೋದವರ ವಿಷಯ ಆಗಲೇ ಅವರ ಕಿವಿಗೆ ಬಿದ್ದಿತ್ತಂತೆ, ವಜೀರಿಯೇ ಲೈನಿಗೆ ಬಂದರು. ಚೆಬೆಟ್ ಎದ್ದು ನಿಂತು ಮಾತಾಡಿದಳು. ಫೋನು ಸ್ಪೀಕರಿನಲ್ಲಿತ್ತು.

"ಅವರು ಒಪ್ಪಿದರೆ ಕಳಿಸುತ್ತೀಯಾ?"

"ಹೌದು ಮೇಡಂ."

"ಒಪ್ಪದಿದ್ದರೆ?"

"ಇಲ್ಲ ಮೇಡಂ."

"ಸರಿ. ನಿನ್ನ ಕೆಲಸ ನೀನು ಮಾಡು." ಆಮೇಲೆ ನನಗೆ ಹೇಳಿದರು, "ಮಾಮಾ, ನಾನು ಒಂದು ಮಾತು ಹೇಳಿದರೆ ಅವಳು ಈಗಲೇ ಕಳಿಸುತ್ತಾಳೆ. ನಾಳೆ ಇನ್ನೊಬ್ಬರು ಇಂಥದೇ ಮಾತು ಹೇಳಿಸಿ ಇನ್ಯಾರದೋ ಗಂಡನನ್ನು ಎಳೆದುಕೊಂಡು ಹೋಗುತ್ತಾರೆ. ನನ್ನನ್ನು ಕ್ಷಮಿಸಿ." ಇಲ್ಲಿ ದೊಡ್ಡ ಹೆಂಗಸರನ್ನು ಮಾಮಾ ಎನ್ನುತ್ತಾರೆ, ಅಮ್ಮಾ ಅಂದ ಹಾಗೆ. ಆಗ ಆ ಮಾತು ಕೇಳಿ ನನ್ನ ಮೈಯೆಲ್ಲಾ ಉರಿದುಹೋಯಿತು. ಬೆಳಿಗ್ಗೆ ಚಪ್ಪಾಳೆ ತಟ್ಟಿದ ಕೈಯಲ್ಲೇ ಆ ಫೋನು ಕಿತ್ತು ಬಿಸಾಡಬೇಕೆನಿಸಿತು.

ಆದರೆ ಚೆಬೆಟ್ ನನ್ನನ್ನು ಹಾಗೇ ಬಿಡಲಿಲ್ಲ. ಭಾವನಿಗೆ ಬಿಸಿ ಚಹಾ ತರಿಸಿಕೊಟ್ಟಳು, ನನ್ನನ್ನು ಕೂರಿಸಿ ನೀರು ಕೊಟ್ಟಳು. "ಹತ್ತಿರ ಹೋಗಬೇಡಿ, ಹೆದರುತ್ತಾರೆ. ಅವರ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆಯಿರಿ, ನೋಡೋಣ" ಎಂದಳು.

ಹೆಸರು ಹಿಡಿದು! ನಾನು! ನಿನ್ನ ವಿಷಯ ಬಿಡು, ನೀನು ಕಿರಿಯಳು, ಅಮ್ಮ ನಿನಗೆ ಎಲ್ಲಾ ಮಾಫಿ ಮಾಡಿದ್ದಳು, ಗಂಡನನ್ನು ಬೀದಿಗೆಲ್ಲಾ ಕೇಳುವ ಹಾಗೆ ಹೆಸರಿಟ್ಟು ಕೂಗುತ್ತೀಯ. ನನಗೆ ಮಾತ್ರ "ಗಂಡನ ಹೆಸರು ಹೇಳಿದರೆ ಅವರ ಆಯಸ್ಸು ಕಡಿಮೆಯಾಗತ್ತೆ" ಎಂದು ಹೆದರಿಸಿ ಕಳಿಸಿದಳು. ಮದುವೆಯ ದಿನ ಹೊಸಿಲಲ್ಲಿ ಅಡ್ಡಗಟ್ಟಿ ಹೆಸರು ಹೇಳಿಸಿದರಲ್ಲ, ಅದೇ ಮೊದಲು, ಅದೇ ಕೊನೆ. ಆದರೂ ಆವತ್ತು ಕಣ್ಣು ಮುಚ್ಚಿಕೊಂಡು ಅಮ್ಮನ ಕ್ಷಮೆ ಕೇಳಿ ಕರೆದೆ, "ನರಸಿಂಹ." ಭಾವ ತಿರುಗಲೂ ಇಲ್ಲ. "ಯೆಸ್, ಕೂತ್ಕೊಳ್ಳಿ, ಸರದಿ ಬಂದಾಗ ಕರೀತೀನಿ" ಎಂದು ಮುಂದಿನವನ ನಾಡಿ ಹಿಡಿದರು.

ನನಗೆ ರೇಗಿಹೋಯಿತು ಉಷಾ. ದುಃಖಕ್ಕಿಂತ ಸಿಟ್ಟೇ ಮೊದಲು ಬಂತು. ಬೆಳಗಿನ ಕಾಫಿ ಆರುತ್ತಿದ್ದರೂ ಪೇಪರಿನಿಂದ ತಲೆ ಎತ್ತದವರನ್ನು ಹೇಗೆ ಕೂಗುತ್ತೇನೋ ಹಾಗೇ ಕೂಗಿಬಿಟ್ಟೆ. "ರೀ! ಏಳ್ರೀ, ಎಷ್ಟು ಹೊತ್ತು? ಮನೆಗೆ ಹೋಗೋಣ."

ಭಾವ ಕಿವಿ ನಿಮಿರಿಸಿದರು. ಹಿಡಿದಿದ್ದ ಕೈ ಬಿಟ್ಟು ಎದ್ದು ಸ್ವೆಟರಿನ ಗುಂಡಿ ಹಾಕಿಕೊಂಡರು. "ಬಂದೆ, ಬಂದೆ." ಎಲ್ಲಿಗೆ ಡಾಕ್ಟರ್ ಎಂದು ಚೆಬೆಟ್ ಕೇಳಿದರೆ, "ನನ್ನ ಹೆಂಡತಿ ಕರೀತಿದ್ದಾಳೆ, ಇನ್ನು ತಡ ಮಾಡಿದರೆ ಬೈತಾಳೆ" ಎಂದರು. ಬೆಂಚಿನವರೆಲ್ಲ ಗೊಳ್ಳೆಂದು ನಕ್ಕರು. ಚೆಬೆಟ್ ಕಣ್ಣೊರೆಸಿಕೊಂಡು ಸಹಿ ಹಾಕಿಸಿಕೊಂಡಳು. ಬಾಗಿಲವರೆಗೂ ಬಂದು ನನ್ನ ಕೈ ಹಿಡಿದು "ಪೋಲೆ, ಮಾಮಾ" ಎಂದಳು. ನಿಮ್ಮ ನೋವು ನನಗೆ ಅರ್ಥವಾಗುತ್ತದೆ ಎಂದು ಹೇಳುವ ಮಾತು ಅದು.

ಸಿಟ್ಟೆಲ್ಲಾ ಇಳಿದ ಮೇಲೆ ಯೋಚಿಸಿದೆ. ಆ ಹುಡುಗಿ ಫೋನಿಗೆ ಹೆದರಿ ಕಳಿಸಿಬಿಟ್ಟಿದ್ದರೆ, ಯಾರೋ ಬಂದು ಇಂಥದೇ ಫೋನು ಮಾಡಿಸಿದರೂ ಅವರನ್ನು ಕಳಿಸುತ್ತಿದ್ದಳು. ಗಂಡನನ್ನು ನನ್ನ ಕೈಗೂ ಸುಲಭವಾಗಿ ಕೊಡದಷ್ಟು ಜೋಪಾನ ಮಾಡಿದವಳು ಅವಳು. ಮಾತಿಗೆ ತಕ್ಕ ಹಾಗೆ ನಡೆದ ಆ ವಜೀರಿಗೂ ನಾನು ದಿನಾ ದೀಪ ಹಚ್ಚುವಾಗ ಒಂದು ಸಲ ಕೈ ಮುಗಿಯುತ್ತೇನೆ. ದ್ವಾರಕಾನಾಥರ ಹೆಂಡತಿಯ ಪರವಾನಗಿ ಇನ್ನೂ ಬಂದಿಲ್ಲ ಎನ್ನುವುದು ಬೇರೆ ಮಾತು.

ಹಬ್ಬ ಕಳೆದ ಮೇಲೆ ಕೋಡುಬಳೆ ಮಾಡಿಕೊಂಡು ಠಾಣೆಗೆ ಹೋಗಿದ್ದೆ. "ಅಯ್ಯೋ ಮಾಮಾ, ಉಡುಗೊರೆ ತೆಗೆದುಕೊಳ್ಳುವ ಹಾಗಿಲ್ಲ" ಎಂದು ಚೆಬೆಟ್ ಕೈ ಹಿಂದೆ ಕಟ್ಟಿಕೊಂಡಳು. ಡಬ್ಬಿಯ ಮುಚ್ಚಳ ತೆಗೆದು ಅದೇ ಬೆಂಚಿನ ಮೇಲಿಟ್ಟೆ. ಬಂದವರು ಹೋದವರು ತಿಂದರು, ಅವರ ಜೊತೆ ಅವಳೂ ಒಂದು ತಿಂದಳು. ಆವತ್ತು ನಾಡಿ ಹಿಡಿಸಿಕೊಂಡವರಲ್ಲಿ ಒಬ್ಬನಿಗೆ ನಿಜವಾಗಿಯೂ ಜ್ವರವಿತ್ತಂತೆ, ಭಾವ ಹೇಳಿದ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದರಂತೆ. ಕೇಳಿ ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ? ಈಗ ಅವರ ಜೇಬಿನಲ್ಲಿ ನನ್ನ ನಂಬರಿನ ಚೀಟಿ ಹೊಲಿದಿದ್ದೇನೆ. ನಮ್ಮನ್ನು ಬಿಟ್ಟುಹಾಕದ ಊರು ಇದು, ನೀನು ಚಿಂತೆ ಮಾಡಬೇಡ.

ಅಮೂಲ್ಯಳ ಪರೀಕ್ಷೆ ಚೆನ್ನಾಗಿ ಆಗಲಿ, ನಿನ್ನ ಮಂಡಿನೋವು ಕಡಿಮೆಯಾಗಲಿ, ನಿನ್ನ ಮನೆಯಲ್ಲಿ ನಗು ತುಂಬಿರಲಿ. ನಿನ್ನ ಗಂಡನನ್ನು ಹೆಸರು ಹಿಡಿದೇ ಕೂಗು, ನೂರು ಕಾಲ ಕೂಗು.

ಇತಿ ನಿನ್ನ ಅಕ್ಕ,
ಅಂಬುಜಾ

ತಾ.ಕ.: ಮಡಿಸಿ ಇಡಲು ಹೋದೆ, ಮನಸ್ಸು ತಡೆಯಲಿಲ್ಲ. ಠಾಣೆಯಿಂದ ಹೊರಗೆ ಬಂದ ಮೇಲೆ ಭಾವ ಅಂಗಳವೆಲ್ಲಾ ಯಾರನ್ನೋ ಹುಡುಕಿ ನೋಡಿದರು. ಕಾರಿನಲ್ಲಿ ಕೂತ ಮೇಲೆ ನನ್ನ ಕಡೆ ತಿರುಗಿ, ಎಷ್ಟು ಮರ್ಯಾದೆಯಿಂದ ಹೇಳಿದರು ಗೊತ್ತಾ? "ಅಮ್ಮಾ, ತಪ್ಪು ತಿಳ್ಕೋಬೇಡಿ. ನೀವು ನನ್ನನ್ನ 'ರೀ' ಅಂತ ಕರೀಬೇಡಿ. ಹಾಗೆ ಕರೆಯೋದು ನನ್ನ ಹೆಂಡತಿ ಒಬ್ಬಳೇ. ಕೇಳಿದ್ರೆ ಬೇಜಾರು ಮಾಡ್ಕೋತಾಳೆ." ಆವತ್ತಿನಿಂದ ಎದುರಿಗೆ ಇದ್ದಾಗ 'ಡಾಕ್ಟ್ರೇ' ಅನ್ನುತ್ತೇನೆ. ಸಂಜೆ ಒಂದು ಸಲ ಮಾತ್ರ ಅಡಿಗೆಮನೆಗೆ ಹೋಗಿ, ಬಾಗಿಲ ಹಿಂದೆ ಅವರಿಗೆ ಕಾಣದ ಹಾಗೆ ನಿಂತು, 'ರೀ' ಎಂದು ಕರೆಯುತ್ತೇನೆ. "ಬಂದೆ ಕಣೇ" ಅನ್ನುತ್ತಾರೆ.